ಕ್ಯಾಸೆಟ್ಟಿನ ಎರಡನೆಯ ಮಗ್ಗುಲು

ಗಡಿನಾಡಿನ ಮನೆಗಳಲ್ಲಿ ಕಿವಿಗೆ ಬಿಡುವೆಂಬುದಿಲ್ಲ. ಕಾಸರಗೋಡಿನ ಉತ್ತರ ದಿಕ್ಕಿಗಿರುವ ನಮ್ಮ ಮನೆಯಲ್ಲಿ ಚಾವಡಿಯ ಮಾತು ಕನ್ನಡ, ಗದ್ದೆಯ ಮಾತು ತುಳು, ಕಚೇರಿಯಿಂದ ಬರುವ ಕಾಗದ ಮಲಯಾಳ. ಇವುಗಳ ನಡುವೆ ಬೆಳೆದವರು ಅರ್ಥವಾಗದ ಮಾತಿನ ಮುಂದೆ ಗಾಬರಿಗೊಳ್ಳುವುದನ್ನು ಬಾಲ್ಯದಲ್ಲಿಯೇ ಬಿಟ್ಟುಬಿಡುತ್ತಾರೆ. ಪದ ತಿಳಿಯದಿದ್ದರೆ ಧಾಟಿಯನ್ನು ಹಿಡಿದು ಭಾವವನ್ನು ಊಹಿಸುವುದು ಅವರಿಗೆ ತಾನಾಗಿ ಒದಗುವ ವಿದ್ಯೆ. ಆ ವಿದ್ಯೆಯ ಬಗ್ಗೆ ನಮಗೆ ಸ್ವಲ್ಪ ಹೆಮ್ಮೆಯೂ ಇತ್ತು. ಅದು ನಮ್ಮನ್ನು ಒಮ್ಮೆ ಹೇಗೆ ದಾರಿ ತಪ್ಪಿಸಿತೆಂಬುದನ್ನು ಈ ಸಂಚಿಕೆಯ ಸಹೃದಯರ ಮುಂದಿಡಬೇಕೆನಿಸಿದೆ. ನಾವೆಂದರೆ ಒಂದೇ ಮನೆಯ ಮೂವರು: ಒಬ್ಬ ಅಣ್ಣನಿಗೆ ಇಬ್ಬರು ತಂಗಿಯರು, ಒಬ್ಬ ತಮ್ಮ.

ಅಣ್ಣ 1982ರಲ್ಲಿ ಕೊಲ್ಲಿ ನಾಡಿಗೆ ಹೋದ. ಕೊಂಕಣ ರೈಲು ಇನ್ನೂ ಬಂದಿರಲಿಲ್ಲ. ಮಂಗಳೂರಿನಿಂದ ಮುಂಬಯಿಗೆ ಘಟ್ಟ ಹತ್ತಿ ಇಳಿಯುವ ಬಸ್ಸಿನ ದೀರ್ಘ ಪ್ರಯಾಣ, ಅಲ್ಲಿಂದ ವಿಮಾನ. ವೀಸಾದ ಹಣಕ್ಕಾಗಿ ಅಪ್ಪ ಅಡಿಕೆ ತೋಟದ ಮೇಲೆ ಸಾಲ ಮಾಡಿದ್ದರು. ಬಿ.ಕಾಂ. ಓದಿದ ಅಣ್ಣನಿಗೆ ಅಲ್ಲಿ ಲೆಕ್ಕ ಬರೆಯುವ ಕೆಲಸವೆಂದು ಹೇಳಲಾಗಿತ್ತು. ಅಂಚೆಯ ಕಾಗದ ಮುಟ್ಟಲು ವಾರಗಳು ಬೇಕಾಗುತ್ತಿದ್ದವು. ಆದುದರಿಂದ ಆ ಕಾಲದ ಅನೇಕ ಕೊಲ್ಲಿವಾಸಿಗಳಂತೆ ಅವನೂ ತನ್ನ ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿ, ರಜೆಯ ಮೇಲೆ ಊರಿಗೆ ಬರುವವರ ಕೈಯಲ್ಲಿ ಕೊಟ್ಟು ಕಳುಹಿಸುತ್ತಿದ್ದ. ಮೊದಲು ಕಳುಹಿಸಿದ್ದ ಟೂ-ಇನ್-ವನ್ ನಮ್ಮ ಚಾವಡಿಯ ಮೇಜಿನ ಮೇಲೆ ಕಸೂತಿಯ ಬಟ್ಟೆ ಹೊದ್ದು ಕುಳಿತಿತ್ತು.

ಅವನ ಕ್ಯಾಸೆಟ್ಟುಗಳಲ್ಲಿ ಒಂದು ಕ್ರಮವಿತ್ತು. ಒಂದು ಮಗ್ಗುಲಲ್ಲಿ ನಮಗಾಗಿ ಇಂಗ್ಲಿಷ್ ಹಾಡುಗಳು, ಇನ್ನೊಂದು ಮಗ್ಗುಲಲ್ಲಿ ಅಪ್ಪ ಅಮ್ಮನಿಗಾಗಿ ಅವನ ಮಾತು. 1985ರ ಮಳೆಗಾಲದಲ್ಲಿ ಬಂದ ತೊಂಬತ್ತು ನಿಮಿಷದ ಕ್ಯಾಸೆಟ್ಟು ನಮಗೆ ಎಲ್ಲಕ್ಕಿಂತ ಪ್ರಿಯವಾಯಿತು. ಕ್ಲಾಸಿಕ್ ರಾಕ್ ಎಂದು ಇಂದು ಕರೆಯುವ ಸಂಗೀತವನ್ನು ನಾವು ಮೊದಲು ಕೇಳಿದ್ದು ಅದರಲ್ಲಿ. ಬೀಟಲ್ಸ್ ತಂಡದ 'ಹೆಲ್ಪ್!', ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡದ 'ಬ್ಯಾಡ್ ಮೂನ್ ರೈಸಿಂಗ್', ದಿ ಪೊಲೀಸ್ ತಂಡದ 'ಎವ್ರಿ ಬ್ರೆತ್ ಯು ಟೇಕ್', ಬ್ರೂಸ್ ಸ್ಪ್ರಿಂಗ್‌ಸ್ಟೀನರ 'ಬಾರ್ನ್ ಇನ್ ದಿ ಯು.ಎಸ್.ಎ.'. ಈ ಹೆಸರುಗಳನ್ನು ಅಣ್ಣ ಕ್ಯಾಸೆಟ್ಟಿನ ಚೀಟಿಯಲ್ಲಿ ತನ್ನ ದುಂಡಗಿನ ಅಕ್ಷರದಲ್ಲಿ ಬರೆದಿದ್ದ.

ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದ ನಮಗೆ ಪದಗಳು ಹಿಡಿಯಲಿಲ್ಲ. 'ಹೆಲ್ಪ್' ಎಂಬ ಪದ ಗೊತ್ತಿತ್ತು. ಆದರೆ ಸಹಾಯ ಬೇಕಾದವನು ಇಷ್ಟು ಹುರುಪಿನಿಂದ ಕೂಗುವುದುಂಟೇ, ಆಟಕ್ಕೆ ಕರೆಯುತ್ತಿರಬೇಕೆಂದುಕೊಂಡೆವು. ಚಂದ್ರನ ಹಾಡು ಕೇಳಿದರೆ ಕಾಲು ನಿಲ್ಲುತ್ತಿರಲಿಲ್ಲ. ಯಾವುದೋ ಜಾತ್ರೆಯ ಹಾಡೆಂದು ನಾವೇ ತೀರ್ಮಾನಿಸಿದೆವು. ಪೊಲೀಸ್ ತಂಡದ ಹಾಡು ಖಂಡಿತವಾಗಿ ಪ್ರೇಮಗೀತೆ. ಕೊನೆಯದರಲ್ಲಿ ನಗಾರಿಯಂಥ ಡ್ರಮ್ಮಿನ ಪೆಟ್ಟು, ಎದೆಯುಬ್ಬಿಸಿ ಕೂಗುವ ಧ್ವನಿ. ಅಮೆರಿಕದವರ ಸ್ವಾತಂತ್ರ್ಯ ದಿನದ ಹಾಡಿರಬೇಕೆಂದು ನಮ್ಮ ಕಿರಿಯವನು ಸೆಲ್ಯೂಟ್ ಹೊಡೆಯುತ್ತಿದ್ದ.

ಮಗ್ಗುಲು ತಿರುಗಿಸಿದರೆ ಅಣ್ಣನ ಧ್ವನಿ. ಅದೂ ಹಾಡಿನಷ್ಟೇ ಉಲ್ಲಾಸದ್ದು. "ನಮ್ಮ ರೂಮಿನಲ್ಲಿ ಎಂಟು ಜನ, ಹಾಸಿಗೆ ನಾಲ್ಕು. ಹಗಲು ನಾಲ್ವರು, ರಾತ್ರಿ ನಾಲ್ವರು. ಹಾಗಾಗಿ ಹಾಸಿಗೆ ತಣ್ಣಗಾಗುವುದು ಅಂತ ಇಲ್ಲವೇ ಇಲ್ಲ!" ಎಂದು ನಗುತ್ತಿದ್ದ. "ಲೆಕ್ಕದ ಕೆಲಸ ಅಂತ ಹೇಳಿದ್ದರಲ್ಲ ಅಪ್ಪ, ಲೆಕ್ಕವೇ ಮಾಡುವುದು, ಸಿಮೆಂಟಿನ ಚೀಲದ್ದು. ಬೆನ್ನ ಮೇಲೆ ಹೊತ್ತೇ ಲೆಕ್ಕ ಮಾಡುವ ಕಾರಣ ಒಂದೂ ತಪ್ಪುವುದಿಲ್ಲ." ಪಾಸ್‌ಪೋರ್ಟು ಧಣಿಯ ಪೆಟ್ಟಿಗೆಯಲ್ಲಿ ಭದ್ರವಾಗಿರುವುದರಿಂದ ಕಳೆದುಹೋಗುವ ಹೆದರಿಕೆಯಿಲ್ಲವಂತೆ. ಮೂರು ತಿಂಗಳ ಸಂಬಳ ಅವರಲ್ಲಿಯೇ ಉಂಟಂತೆ, ಬ್ಯಾಂಕಿನಲ್ಲಿದ್ದ ಹಾಗೆ. "ಅಮ್ಮಾ, ನೀನು ಕೊಟ್ಟ ಮಿಡಿ ಉಪ್ಪಿನಕಾಯಿ ಮುಗಿಯಿತು. ಈಗ ಭರಣಿ ಮೂಸಿಕೊಂಡು ಊಟ ಮಾಡ್ತೇನೆ, ರುಚಿ ಅದೇ!" ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಮ್ಮನೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನೆರೆಮನೆಯವರು ಬಂದಾಗ ಆ ಮಗ್ಗುಲನ್ನು ಮತ್ತೆ ಹಾಕಿ ಕೇಳಿಸಿದೆವು.

ನಗದೆ ಇದ್ದವರು ಅಜ್ಜಿ ಒಬ್ಬರೇ. ಗೋಡೆಗೊರಗಿ ಕಾಲು ಚಾಚಿ ಕುಳಿತು, ಎಲೆಗೆ ಸುಣ್ಣ ಸವರುತ್ತ, ಕ್ಯಾಸೆಟ್ಟು ಮುಗಿದ ಮೇಲೆ ಕೇಳಿದರು: "ಇವ ಎಂತಕ್ಕೆ ಇಷ್ಟು ನೆಗಾಡುವುದು?"

ಮುದುಕಿಗೆ ಏನೂ ಅರ್ಥವಾಗುವುದಿಲ್ಲವೆಂದು ನಾವು ಅದಕ್ಕೂ ನಕ್ಕೆವು.

ಅಜ್ಜಿಯ ಕಿವಿ ಬೇರೆಯ ಶಾಲೆಯಲ್ಲಿ ಕಲಿತದ್ದೆಂಬುದು ಆಗ ನಮಗೆ ತಿಳಿಯಲಿಲ್ಲ. ನೇಜಿ ನೆಡುವ ದಿನಗಳಲ್ಲಿ ಗದ್ದೆಯ ಹೆಂಗಸರು ಸಾಲಾಗಿ ಬಗ್ಗಿ ಪಾಡ್ದನ ಹೇಳುತ್ತಿದ್ದರು. ಒಬ್ಬಳು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಕೂಡಿಸುವರು. ಆ ಲಯಕ್ಕೆ ಕೈಗಳು ತಾವಾಗಿಯೇ ಮುಂದೆ ಸಾಗುವುವು. ದೂರದಿಂದ ಕೇಳುವವರಿಗೆ ಅದೊಂದು ಹಬ್ಬ. ಹತ್ತಿರ ಹೋಗಿ ಕಥೆಗೆ ಕಿವಿಗೊಟ್ಟರೆ ಗಂಡನ ಅನ್ಯಾಯಕ್ಕೆ ಎದುರು ನಿಂತು ಮನೆ ಬಿಟ್ಟು ಹೊರಟ ಸಿರಿಯ ಗೋಳು. ಅಜ್ಜಿ ಬದುವಿನ ಮೇಲೆ ನಿಂತು ಕಥೆಯನ್ನೇ ಕೇಳುತ್ತಿದ್ದರು. "ರಾಗ ಇರುವುದು ಕೈಗೆ, ಮಾತು ಇರುವುದು ಎದೆಗೆ" ಎಂದು ಒಮ್ಮೆ ನಮಗೆ ಹೇಳಿದ್ದರು. ನಾವು ಶಾಲೆಯಲ್ಲಿ ಕಲಿತ ಗೋವಿನ ಹಾಡನ್ನು ಯಾರು ಗಟ್ಟಿಯಾಗಿ ಹೇಳುತ್ತಾರೆಂದು ಪೈಪೋಟಿ ನಡೆಸುವಾಗಲೂ ಅಷ್ಟೆ. ಹುಲಿಯ ಬಾಯಿಗೆ ಹೊರಟ ತಾಯಿ ತನ್ನ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುವ ಭಾಗ ಬಂದಾಗ ಅಜ್ಜಿ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದರು. ನಮ್ಮ ಸ್ವರ ಮಾತ್ರ ಅಲ್ಲಿ ಇನ್ನೂ ಏರುತ್ತಿತ್ತು.

ಅಣ್ಣ 1987ರಲ್ಲಿ ಹಿಂದಿರುಗಿದ. ಕೈಯಲ್ಲೊಂದು ಸಣ್ಣ ಚೀಲ. ದೇಹ ಅರ್ಧ ಇಳಿದಿತ್ತು. ಸಾಲ ತೀರಿರಲಿಲ್ಲ. ಊರಿನ ಜನ "ಎಷ್ಟು ಮಾಡಿಕೊಂಡು ಬಂದೆ?" ಎಂದು ಕೇಳಿದಾಗ ನಕ್ಕು ಮಾತು ತಪ್ಪಿಸುತ್ತಿದ್ದ. ಕೆಲವು ಕಾಲ ಕೆಲಸವಿಲ್ಲದೆ ಕುಳಿತ; ಆಮೇಲೆ ಪೇಟೆಯಲ್ಲಿ ಒಂದು ಸಣ್ಣ ಅಂಗಡಿ ಹಾಕಿದ. ಅವನು ಬದಲಾಗಿದ್ದಾನೆ, ಮೊದಲಿನಂತೆ ನಗುವುದಿಲ್ಲ, ಕೊಲ್ಲಿಯ ಗಾಳಿ ತಗಲಿ ಗರ್ವ ಬಂದಿದೆಯೆಂದು ನಾವೇ ನಮ್ಮೊಳಗೆ ಆಡಿಕೊಂಡೆವು. ಹಾಗೆ ಆಡಿಕೊಂಡ ಮಾತನ್ನು ಇಲ್ಲಿ ಬರೆಯುವಾಗ ನಾಚಿಕೆಯಾಗುತ್ತದೆ.

ವರ್ಷಗಳು ಉರುಳಿದವು. ಅಪ್ಪ, ಅಮ್ಮ, ಅಜ್ಜಿ ಮೂವರೂ ಹೋದರು. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಕಿರಿಯ ತಂಗಿಯ ಮಗಳ ಮದುವೆಯಾಯಿತು. ಆರತಕ್ಷತೆಗೆ ಕೀಬೋರ್ಡು ನುಡಿಸಲು ಬಂದವರು ನಮ್ಮ ಹಳೆಯ ಪ್ರೇಮಗೀತೆಯನ್ನು, ಪೊಲೀಸ್ ತಂಡದ ಆ ಹಾಡನ್ನು, ನುಡಿಸತೊಡಗಿದರು. ನಾವು ಹಿಗ್ಗಿ ತಲೆದೂಗುತ್ತಿರುವಾಗ ವಧುವಿನ ತಮ್ಮ ಕಿವಿಯ ಬಳಿ ಬಗ್ಗಿ, "ದೊಡ್ಡಮ್ಮಾ, ಇದು ಮದುವೆಗೆ ಆಗುವ ಹಾಡಲ್ಲ" ಎಂದ. ಮೊಬೈಲಿನಲ್ಲಿ ಪದಗಳನ್ನು ತೆಗೆದು ತೋರಿಸಿದ. ತನ್ನನ್ನು ಬಿಟ್ಟುಹೋದ ಹೆಣ್ಣಿನ ಪ್ರತಿಯೊಂದು ಹೆಜ್ಜೆಯನ್ನೂ ಕಾಯುತ್ತ, ಅವಳು ತನ್ನ ಸೊತ್ತೆಂದು ನಂಬಿರುವವನ ಮಾತುಗಳು ಅವು. ಆ ಹಾಡನ್ನು ಬರೆದ ಸ್ಟಿಂಗ್ 1982ರಲ್ಲಿ, ತನ್ನ ದಾಂಪತ್ಯ ಮುರಿಯುತ್ತಿದ್ದ ಹೊತ್ತಿನಲ್ಲಿ, ಜಮೈಕಾದಲ್ಲಿ ಕುಳಿತು ಬರೆದದ್ದು. 1983ರಲ್ಲಿ ಅದು ಅಮೆರಿಕದ ಪಟ್ಟಿಯಲ್ಲಿ ಎಂಟು ವಾರ ಮೊದಲ ಸ್ಥಾನದಲ್ಲಿತ್ತು. ಜನ ಅದನ್ನು ಮದುವೆಗಳಲ್ಲಿ ನುಡಿಸುವುದನ್ನು ಕಂಡು ಸ್ವತಃ ಸ್ಟಿಂಗ್ ಅಚ್ಚರಿಪಟ್ಟದ್ದುಂಟು. ಅದು ಕಾವಲು ಮತ್ತು ಹಿಡಿತದ ಹಾಡೆಂದು ಅವರೇ ಹೇಳಿದ್ದಾರೆ. ಆಂಡಿ ಸಮ್ಮರ್ಸರ ಗಿಟಾರಿನ ತಂತಿಗಳು ಒಂದೊಂದಾಗಿ ಮಿಡಿಯುವ ಮೃದುತ್ವದಲ್ಲಿ ಆ ಕಾವಲುಗಾರ ಅಡಗಿ ಕುಳಿತಿದ್ದ.

ಆ ರಾತ್ರಿ ಮದುವೆಮನೆಯ ಗದ್ದಲ ಇಳಿದ ಮೇಲೆ ನಾವು ಮೂವರೂ ಹುಡುಗನನ್ನು ಹಿಡಿದು ಕೂರಿಸಿಕೊಂಡೆವು. ನೆನಪಿನಿಂದ ಒಂದೊಂದೇ ಹಾಡಿನ ಹೆಸರು ಹೇಳಿದೆವು. ಅವನು ಒಂದೊಂದರ ಅರ್ಥ ಬಿಡಿಸಿದ.

'ಹೆಲ್ಪ್!' 1965ರ ಹಾಡು, ಎರಡೂವರೆ ನಿಮಿಷವೂ ಇಲ್ಲ. ಜಾನ್ ಲೆನ್ನನ್ ಅದನ್ನು ಬರೆದಾಗ ಬೀಟಲ್ಸ್ ಕೀರ್ತಿಯ ತುತ್ತತುದಿಯಲ್ಲಿತ್ತು. ಅದೇ ಹೆಸರಿನ ಹಾಸ್ಯ ಚಿತ್ರಕ್ಕೆ ಒಂದು ಶೀರ್ಷಿಕೆ ಗೀತೆ ಬೇಕಾಗಿತ್ತು, ಬರೆದರು. ಎಷ್ಟೋ ವರ್ಷಗಳ ಮೇಲೆ ಲೆನ್ನನ್, ಆಗ ತಾನು ಒಳಗೆ ಕುಗ್ಗಿಹೋಗಿದ್ದುದಾಗಿಯೂ ನಿಜವಾಗಿಯೇ ಸಹಾಯಕ್ಕೆ ಮೊರೆಯಿಡುತ್ತಿದ್ದುದಾಗಿಯೂ ಹೇಳಿಕೊಂಡರು. ಜನಪ್ರಿಯವಾಗಲೆಂದು ಹಾಡಿನ ವೇಗ ಹೆಚ್ಚಿಸಿದ್ದು ಅವರಿಗೆ ಹಿಡಿಸಿರಲಿಲ್ಲ. ಹಾಡಿನಲ್ಲಿ ಮುಖ್ಯ ಗಾಯಕನ ಮಾತಿಗೆ ಹಿಂದಿನಿಂದ ಇತರರ ಧ್ವನಿಗಳು ಓಡಿಬಂದು ಕೂಡಿಕೊಳ್ಳುತ್ತವೆ. ಮುಳುಗುವವನ ಸುತ್ತ ಗೆಳೆಯರು ಚಪ್ಪಾಳೆ ತಟ್ಟಿ ಕುಣಿದಂತೆ. ಕೋಟ್ಯಂತರ ಜನ ಅವನ ಕೂಗನ್ನು ಕೇಳಿದರು, ಕೊಂಡರು, ಜೊತೆಗೂಡಿ ಹಾಡಿದರು. ನಮ್ಮ ಚಾವಡಿಯಲ್ಲಿ ನಾವು ಮಾಡಿದ್ದೂ ಅದನ್ನೇ.

'ಬ್ಯಾಡ್ ಮೂನ್ ರೈಸಿಂಗ್' 1969ರದ್ದು. ಅದರ ಕವಿ ಜಾನ್ ಫೋಗರ್ಟಿಗೆ ಪ್ರೇರಣೆಯಾದುದು 1941ರ ಹಳೆಯ ಚಲನಚಿತ್ರವೊಂದರಲ್ಲಿ ಕಂಡ ಬಿರುಗಾಳಿಯ ದೃಶ್ಯ. ನಾವು ಜಾತ್ರೆಯೆಂದುಕೊಂಡಿದ್ದ ಹಾಡಿನಲ್ಲಿ ಇರುವುದು ಭೂಕಂಪ, ಸಿಡಿಲು, ಉಕ್ಕುವ ನದಿ; ಮನೆಯಿಂದ ಹೊರಬಂದರೆ ಪ್ರಾಣ ಹೋದೀತೆಂಬ ಎಚ್ಚರಿಕೆ. ವಿಯೆಟ್ನಾಮ್ ಯುದ್ಧ ನಡೆಯುತ್ತಿದ್ದ ಅಮೆರಿಕದಲ್ಲಿ ಅದನ್ನು ಜನ ತಮ್ಮ ಕಾಲದ ಭಯವೆಂದೇ ಕೇಳಿಸಿಕೊಂಡರು. ಆದರೂ ಮೂರೇ ಸ್ವರಮೇಳಗಳ ಮೇಲೆ ಕುಣಿಯುತ್ತ ಸಾಗುವ ಆ ರಾಗ ಎಷ್ಟು ಲವಲವಿಕೆಯದೆಂದರೆ, ಇಂಗ್ಲಿಷನ್ನೇ ತಾಯ್ನುಡಿಯಾಗಿ ಉಳ್ಳವರೂ ಚಂದ್ರನ ಮಾತನ್ನು ಬಲಗಡೆಯ ಸ್ನಾನಗೃಹದ ಮಾತೆಂದು ತಪ್ಪಾಗಿ ಕೇಳಿಸಿಕೊಂಡರು. ಫೋಗರ್ಟಿ ವೇದಿಕೆಯ ಮೇಲೆ ಆ ತಪ್ಪನ್ನೇ ಹಾಡಿ ನಗಿಸಿದ್ದುಂಟು. ಹಾಗಾದರೆ ತಪ್ಪು ಭಾಷೆ ಬಾರದ ನಮ್ಮೊಬ್ಬರದ್ದೇ ಆಗಿರಲಿಲ್ಲ.

'ಬಾರ್ನ್ ಇನ್ ದಿ ಯು.ಎಸ್.ಎ.' ಹಾಡಿನ ಕಥೆ ಬಂದಾಗ ಹುಡುಗ ನಿಧಾನಿಸಿದ. ಸಣ್ಣ ಊರಿನ ಹುಡುಗನೊಬ್ಬ ತೊಂದರೆಯಲ್ಲಿ ಸಿಕ್ಕಿಬಿದ್ದು ವಿಯೆಟ್ನಾಮಿಗೆ ಕಳುಹಿಸಲ್ಪಡುತ್ತಾನೆ. ಹಿಂದಿರುಗಿದರೆ ಕಾರ್ಖಾನೆಯಲ್ಲಿ ಕೆಲಸವಿಲ್ಲ, ಸರಕಾರದ ಕಚೇರಿಯಲ್ಲಿ ದಾರಿಯಿಲ್ಲ. ಅಣ್ಣನೋ ತಮ್ಮನೋ ಒಬ್ಬನಿದ್ದ, ಖೆ ಸಾನ್‌ನ ಕಾಳಗದಲ್ಲಿ ಹೋದ. ಉಳಿದಿರುವುದು ತಾನು ಹುಟ್ಟಿದ ನಾಡಿನ ಹೆಸರು ಮಾತ್ರ. ಅದನ್ನೇ ಮತ್ತೆ ಮತ್ತೆ ಕೂಗುತ್ತಾನೆ. 1984ರಲ್ಲಿ ಈ ಹಾಡು ಹೊರಬಂದಾಗ ಬಹುಮಂದಿ ಅದನ್ನು ಜಯಘೋಷವೆಂದೇ ತಿಳಿದರು. ಆ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ರೇಗನ್ ತಮ್ಮ ಚುನಾವಣಾ ಭಾಷಣದಲ್ಲಿ ಸ್ಪ್ರಿಂಗ್‌ಸ್ಟೀನರ ಹಾಡುಗಳನ್ನು ಭರವಸೆಯ ಸಂದೇಶವೆಂದು ಹೊಗಳಿದರು. ಕೆಲವು ದಿನಗಳ ಮೇಲೆ ಸ್ಪ್ರಿಂಗ್‌ಸ್ಟೀನ್ ಪಿಟ್ಸ್‌ಬರ್ಗಿನ ವೇದಿಕೆಯಲ್ಲಿ, ಅಧ್ಯಕ್ಷರಿಗೆ ತನ್ನ ಯಾವ ಆಲ್ಬಮ್ ಇಷ್ಟವಾಗಿರಬಹುದೆಂದು ವ್ಯಂಗ್ಯವಾಗಿ ಯೋಚಿಸಿ, ಕೆಲಸ ಕಳೆದುಕೊಂಡು ಕೊಲೆಗಾರನಾದವನ ಹಾಡೊಂದನ್ನು ಹಾಡಿದರು. ರಾಷ್ಟ್ರಾಧ್ಯಕ್ಷರೂ ಧಾಟಿಯಿಂದಲೇ ಭಾವವನ್ನು ಊಹಿಸುವ ವಿದ್ಯೆಯವರೆಂದು ತಿಳಿದು ನಮಗೆ ನಗು ಬರಬೇಕಾಗಿತ್ತು. ಬರಲಿಲ್ಲ. ಹಿಂದಿರುಗಿ ಬಂದು ಕೆಲಸವಿಲ್ಲದೆ ಕುಳಿತವನೊಬ್ಬ ನಮ್ಮ ಮನೆಯಲ್ಲಿಯೂ ಇದ್ದನೆಂಬುದು ಮೂವರಿಗೂ ಒಮ್ಮೆಗೇ ಹೊಳೆಯಿತು.

ಮದುವೆ ಮುಗಿಸಿ ಮನೆಗೆ ಬಂದು ಕಪಾಟು ತಡಕಿದೆವು. ಕ್ಯಾಸೆಟ್ಟು ಸಿಕ್ಕಿತು. ಕರಾವಳಿಯ ತೇವಕ್ಕೆ ಟೇಪಿನ ಅಂಚಿನಲ್ಲಿ ಬಿಳಿಯ ಬೂಸ್ಟು ಹಿಡಿದಿತ್ತು. ಪೇಟೆಯ ರಿಪೇರಿಯವರೊಬ್ಬರು ಅದನ್ನು ಒರೆಸಿ, ಹಳೆಯ ಯಂತ್ರಕ್ಕೆ ಹೊಸ ಬೆಲ್ಟು ಹಾಕಿಕೊಟ್ಟರು. ಈ ಸಲ ಹಾಡಿನ ಮಗ್ಗುಲನ್ನು ಹಾಕಲಿಲ್ಲ. ಮರಳು ಸುರಿದಂತೆ ಕೇಳುವ ಸದ್ದಿನ ಹಿಂದಿನಿಂದ ಅಣ್ಣನ ಇಪ್ಪತ್ತಾರರ ಧ್ವನಿ ಬಂತು. ಎಂಟು ಜನ, ನಾಲ್ಕು ಹಾಸಿಗೆ. ಬೆನ್ನ ಮೇಲೆ ಸಿಮೆಂಟು. ಧಣಿಯ ಪೆಟ್ಟಿಗೆಯಲ್ಲಿ ಪಾಸ್‌ಪೋರ್ಟು. ಬಾರದ ಸಂಬಳ. ಖಾಲಿ ಭರಣಿ. ಒಂದು ಪದವೂ ನಮಗೆ ಹೊಸದಾಗಿರಲಿಲ್ಲ. ಎಲ್ಲವೂ ಬಾಯಿಪಾಠವಾಗಿದ್ದ ನಗೆಮಾತುಗಳು. ಇಂಗ್ಲಿಷ್ ಹಾಡು ತಿಳಿಯದೆ ಹೋದುದಕ್ಕೆ ಭಾಷೆಯ ನೆಪವುಂಟು. ಇದು ಅಚ್ಚ ಕನ್ನಡ, ನಮ್ಮ ಮನೆಯ ಕನ್ನಡ.

ಒಂದು ಭಾನುವಾರ ಅಣ್ಣನ ಬಳಿಗೆ ಹೋದೆವು. ಅಂಗಡಿಯನ್ನು ಮಗನಿಗೆ ಬಿಟ್ಟು ಅವನೀಗ ಮನೆಯಲ್ಲಿರುತ್ತಾನೆ. ಹೇಗೆ ಎತ್ತುವುದೆಂದು ತಿಳಿಯದೆ ಕಾಫಿ ಕುಡಿದು ಮಳೆಯ ಮಾತಾಡಿ, ಕೊನೆಗೆ ಹಿರಿಯ ತಂಗಿ ಕೇಳಿದಳು: "ಅಣ್ಣ, ಅಷ್ಟು ಕಷ್ಟದಲ್ಲಿ ಇದ್ದವ ನಮಗೆ ಯಾಕೆ ಹೇಳಲಿಲ್ಲ?"

"ಎಲ್ಲ ಹೇಳಿದ್ದೆನಲ್ಲ" ಎಂದ ಅಣ್ಣ. "ನೀವು ನೆಗಾಡಿದಿರಿ."

ನಮ್ಮ ಮುಖ ಕಂಡು ಅವನಿಗೇ ಕನಿಕರವಾಗಿರಬೇಕು. "ನೆಗಾಡಲಿ ಅಂತಲೇ ಹೇಳಿದ್ದು ಮಾರಾಯ್ರೆ" ಎಂದು ಸಮಾಧಾನ ಮಾಡಿದ. "ಅಳುತ್ತ ಹೇಳಿದರೆ ಅಪ್ಪ ತೋಟ ಮಾರಿ ಟಿಕೇಟು ಕಳಿಸುತ್ತಿದ್ದರು. ಹೇಳದೇ ಇದ್ದರೆ ನನಗೆ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ."

ಹಾಡುಗಳನ್ನೂ ಹಾಗೆಯೇ ಬೇಕೆಂದು ಆರಿಸಿ ತುಂಬಿದ್ದೆಯಾ ಎಂದು ಕೇಳಿದೆವು. ರೂಮಿನಲ್ಲಿದ್ದ ಟೇಪುಗಳೇ ಅಷ್ಟು, ಎಂದು ಕೈ ಕೊಡವಿಬಿಟ್ಟ.

ಜೊತೆಗೆ ಬಂದಿದ್ದ ಹುಡುಗ ಮೊಬೈಲಿನಲ್ಲಿ ಇನ್ನೊಂದನ್ನು ಕೇಳಿಸಿದ. ಸ್ಪ್ರಿಂಗ್‌ಸ್ಟೀನ್ ತಮ್ಮ ಆ ಹಾಡನ್ನು ಮೊದಲು ಮುದ್ರಿಸಿಕೊಂಡದ್ದು 1982ರ ಆರಂಭದಲ್ಲಿ, ನ್ಯೂಜೆರ್ಸಿಯ ಮನೆಯಲ್ಲಿ, ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದ ಮುಂದೆ ಒಬ್ಬರೇ ಗಿಟಾರು ಹಿಡಿದು ಕುಳಿತು. ಅಣ್ಣ ಕಡಲು ದಾಟಿದ ವರ್ಷವೇ ಅದು. ಆ ಮುದ್ರಿಕೆ 1998ರವರೆಗೆ ಹೊರಬರಲಿಲ್ಲ. ಬಹುಮಟ್ಟಿಗೆ ಅದೇ ಪದಗಳು. ಆದರೆ ಡ್ರಮ್ಮಿಲ್ಲ, ಜಯಘೋಷವಿಲ್ಲ. ಇರುಳಿನಲ್ಲಿ ಒಬ್ಬ ತನ್ನೊಳಗೆ ತಾನೇ ಗುನುಗಿಕೊಂಡಂತೆ ಇದೆ. ಇದನ್ನೇ ಮೊದಲು ಕೇಳಿದ್ದರೆ ಯಾರೂ ಸೆಲ್ಯೂಟ್ ಹೊಡೆಯುತ್ತಿರಲಿಲ್ಲ. ಅಷ್ಟು ಮನೆಗಳಿಗೆ ಆ ಹಾಡು ತಲುಪುತ್ತಲೂ ಇರಲಿಲ್ಲವೇನೋ. ಅಣ್ಣ ಕಣ್ಣು ಮುಚ್ಚಿ ಪೂರ್ತಿ ಕೇಳಿ, ಸ್ವಲ್ಪ ಹೊತ್ತು ಬಿಟ್ಟು, "ಮೊದಲಿನದ್ದೇ ಹಾಕು ಮಾರಾಯ" ಎಂದ. ಹಾಕಿದೆವು. ಡ್ರಮ್ಮಿನ ಪೆಟ್ಟಿಗೆ ಅವನ ಬೆರಳುಗಳು ಕುರ್ಚಿಯ ಕೈಯ ಮೇಲೆ ತಾಳ ಹಾಕಿದವು.

ಹಿಂದೆ ನಾವು ಇಂಥ ಹಾಡುಗಳನ್ನು ಮೋಸವೆಂದು ಕರೆಯುತ್ತಿದ್ದೆವೇನೋ. ಸಿಹಿಯ ಲೇಪದೊಳಗಿನ ಕಹಿ ಗುಳಿಗೆಯೆಂದು ಹೇಳಿ ಮುಗಿಸುತ್ತಿದ್ದೆವು. ಈಗ ಹಾಗೆನಿಸುವುದಿಲ್ಲ. ಬಾಯಿಬಿಟ್ಟು ಆಡಲಾಗದ ಮಾತು ಕಡಲನ್ನೋ ಗಡಿಯನ್ನೋ ದಾಟಬೇಕಾದರೆ ಅದಕ್ಕೊಂದು ಉಲ್ಲಾಸದ ವಾಹನ ಬೇಕಾಗುತ್ತದೆ. ನೇಜಿಯ ಗದ್ದೆಯಲ್ಲಿ ಬೆನ್ನು ಬಗ್ಗಿಸಿದ ಹೆಂಗಸರಿಗೆ ಅದು ಗೊತ್ತಿತ್ತು; ಲಿವರ್‌ಪೂಲಿನ ಹುಡುಗನಿಗೂ ಗೊತ್ತಿತ್ತು. ಹೇಳುವವರು ತಮ್ಮ ಕೆಲಸ ಮಾಡಿರುತ್ತಾರೆ. ಉಳಿದದ್ದು ಕೇಳುವವರ ಪಾಲು. ನಮ್ಮ ಸಮ್ಮೇಳನಗಳ ಮೆರವಣಿಗೆಯಲ್ಲಿ ಚೆಂಡೆಯ ಸದ್ದು ಜೋರಾಗಿರುತ್ತದೆ, ನಾಡಗೀತೆಗೆ ಎಲ್ಲರ ಕಂಠವೂ ಕೂಡುತ್ತದೆ. ಆ ಸಂಭ್ರಮದ ನಡುವೆ, ಮೊಮ್ಮಕ್ಕಳು ಈ ಸಂಚಿಕೆಯನ್ನು ಓದಿಯಾರೇ ಎಂದು ಹಿರಿಯರೊಬ್ಬರು ನಗೆಯಾಡಿದರೆ, ಅದನ್ನು ಬರಿಯ ನಗೆಯೆಂದು ದಾಟಿ ಹೋಗದಿರುವಷ್ಟು ಕಿವಿ ನಮಗಿರಲಿ.

ಈಗ ನಾವು ಮೂವರೂ ಸರದಿಯಂತೆ ಸಂಜೆ ಅಣ್ಣನಿಗೆ ಫೋನು ಮಾಡುತ್ತೇವೆ. "ಹೇಗಿದ್ದೀಯ ಅಣ್ಣ?" ಎಂದರೆ "ಫಸ್ಟ್ ಕ್ಲಾಸ್!" ಎಂದು ಜೋರಾಗಿ ನಗುತ್ತಾನೆ. ಮೊದಲಾದರೆ ಅಲ್ಲಿಗೆ ಫೋನು ಇಡುತ್ತಿದ್ದೆವು. ಈಗ ಇಡುವುದಿಲ್ಲ, ಏನೂ ಮಾತಾಡದೆ ಕಾಯುತ್ತೇವೆ. ತುಸು ಹೊತ್ತಿನ ಮೇಲೆ ಅವನೇ, "ಮತ್ತೆ... ಬೆನ್ನು ಸ್ವಲ್ಪ ನೋವು ಉಂಟು" ಎನ್ನುತ್ತಾನೆ.